ಬರಿದಾದ ಕರಡಿಗೆ: ಒಂದು ಆಪ್ತಸಲಹೆ ಪ್ರಕರಣ

ಇದು ದೇವರ ಮೇಲಿನ ನಂಬಿಕೆ ಕಳೆದುಕೊಂಡ, ಉತ್ತರ ಕರ್ನಾಟಕದ ಹಳ್ಳಿಯೊಂದರ ಐವತ್ತೆಂಟು ವರ್ಷದ ತಾಯಿಯೊಬ್ಬರ ಪ್ರಕರಣ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಬರೆದದ್ದನ್ನು ಅವರಿಗೇ ಓದಿ ಹೇಳಿದ ಮೇಲೆ ಇಲ್ಲಿ ದಾಖಲಿಸುತ್ತಿದ್ದೇನೆ. ಬೇರೆ ಹೆಸರಿಟ್ಟರೆ ಅದು ಬೇರೆ ಯಾರದೋ ಕಥೆಯಾಗುತ್ತದೆ ಎಂದು ಅವರು ಹೇಳಿದ್ದರಿಂದ ಹೆಸರಿಲ್ಲದೆಯೇ ಬರೆದಿದ್ದೇನೆ.

2022ರ ನವೆಂಬರ್‌ನಲ್ಲಿ ಮಗಳು ಅವರನ್ನು ನನ್ನ ಬಳಿಗೆ ಕರೆತಂದರು. ಮಗಳು ಹೇಳಿದ ತೊಂದರೆಗೂ ದೇವರಿಗೂ ಯಾವ ಸಂಬಂಧವೂ ಕಾಣುತ್ತಿರಲಿಲ್ಲ. ತಾಯಿ ಮಧ್ಯಾಹ್ನದವರೆಗೆ ಏನನ್ನೂ ತಿನ್ನುವುದಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಬೆಳಿಗ್ಗೆಯೇ ನುಂಗುತ್ತಾರೆ, ಎರಡು ಸಲ ಬಚ್ಚಲಲ್ಲಿ ತಲೆ ತಿರುಗಿ ಬಿದ್ದಿದ್ದಾರೆ, ಕೇಳಿದರೆ ಹಸಿವಿಲ್ಲ ಎನ್ನುತ್ತಾರೆ. ಮಗಳು ಹೊರಗೆ ಹೋದ ಮೇಲೆ ಆ ತಾಯಿ ಸೆರಗಿನ ಒಳಗಿನಿಂದ ಶಿವದಾರ ಹಿಡಿದು, ಇಷ್ಟಲಿಂಗವನ್ನು ಇಟ್ಟು ಕೊರಳಲ್ಲಿ ಧರಿಸುವ ಬೆಳ್ಳಿಯ ಕರಡಿಗೆಯನ್ನು ಹೊರತೆಗೆದು, ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದರು. ಅದು ಬರಿದಾಗಿತ್ತು. "ಲಿಂಗಾ ತಗದ ಇಟ್ಟೇನ್ರಿ ಮೇಡಂ. ಮನ್ಯಾಗ ಯಾರಿಗೂ ಗೊತ್ತಿಲ್ಲ" ಎಂದರು.

ನಾನು ಲಿಂಗಧಾರಣೆಯ ಸಂಪ್ರದಾಯದಲ್ಲಿ ಬೆಳೆದವಳಲ್ಲ. ಆದ್ದರಿಂದ ಮೊದಲ ಎರಡು ಭೇಟಿಗಳಲ್ಲಿ ನಾನು ಮಾಡಿದ್ದು ಬಹುಮಟ್ಟಿಗೆ ಕೇಳಿ ಕಲಿಯುವ ಕೆಲಸ. ಇಷ್ಟಲಿಂಗವೆಂದರೆ ಬೇಕೆನಿಸಿದಾಗ ಹೋಗಿ ಕೈಮುಗಿದು ಬರುವ ಗುಡಿಯ ದೇವರಲ್ಲ. ಅದು ಮೈಮೇಲೆ ಇರುವಂಥದ್ದು, ದೀಕ್ಷೆಯಾದಂದಿನಿಂದ ಕೊನೆಯವರೆಗೂ ಅಗಲಬಾರದು, ಸತ್ತ ಮೇಲೂ ಎಡ ಅಂಗೈಯಲ್ಲಿಟ್ಟೇ ಮಣ್ಣು ಮಾಡಬೇಕು. ಅವರು ಎಂಟನೆಯ ವಯಸ್ಸಿನಿಂದ ಬೆಳಗಿನ ನಾಲ್ಕೂವರೆಗೆ ಎದ್ದು, ಮಿಂದು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು ರೆಪ್ಪೆ ಬಡಿಯದೆ ನೋಡುತ್ತ ಕೂತವರು. ಪೂಜೆಯಾಗದೆ ಬಾಯಿಗೆ ನೀರನ್ನೂ ಹಾಕಿದವರಲ್ಲ. ಈಗ ಪೂಜೆಯಿಲ್ಲ, ಆದರೆ ಪೂಜೆಯಾಗದೆ ಉಣ್ಣಬಾರದೆಂಬ ನೇಮ ಮಾತ್ರ ಹಾಗೆಯೇ ಉಳಿದಿದೆ. ನಂಬಿಕೆ ಹೋದ ಮೇಲೂ ಅದರ ಕಟ್ಟಳೆ ಮೈಯಲ್ಲಿ ಉಳಿದಿರುವುದನ್ನು ನಾನು ಬೇರೆಯವರಲ್ಲೂ ಕಂಡಿದ್ದೇನೆ, ಆದರೆ ಅದು ಹೀಗೆ ಪ್ರಾಣಕ್ಕೇ ಅಪಾಯ ತರುವ ಮಟ್ಟಕ್ಕೆ ಮುಟ್ಟಿದ್ದನ್ನು ಕಂಡಿರಲಿಲ್ಲ.

ಲಿಂಗ ತೆಗೆದಿಟ್ಟದ್ದು 2021ರ ಮೇ ತಿಂಗಳ ಕೊನೆಯಲ್ಲಿ. ಕೋವಿಡ್‌ನ ಎರಡನೆಯ ಅಲೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸೋಂಕು ತಗುಲಿತ್ತು. ಈ ತಾಯಿ ಮನೆಯಲ್ಲಿ ಪ್ರತ್ಯೇಕವಾಗಿದ್ದರು, ನಿವೃತ್ತ ಶಿಕ್ಷಕರಾಗಿದ್ದ ಅರವತ್ತಾರು ವರ್ಷದ ಗಂಡ ನಗರದ ಆಸ್ಪತ್ರೆಯೊಂದರಲ್ಲಿದ್ದರು. ಒಂಬತ್ತನೆಯ ದಿನ ನಸುಕಿನಲ್ಲಿ ಗಂಡ ತೀರಿಕೊಂಡರು. ಆಸ್ಪತ್ರೆಯವರು ಪುಣೆಯಲ್ಲಿದ್ದ ಮಗನಿಗೆ ಕರೆ ಮಾಡಿದರು, ಲಾಕ್‌ಡೌನ್‌ನಿಂದಾಗಿ ಬರಲಾಗದ ಮಗ ಫೋನಿನಲ್ಲೇ ಒಪ್ಪಿಗೆ ಕೊಟ್ಟ, ಸಂಜೆಗೆ ನಗರದ ಚಿತಾಗಾರದಲ್ಲಿ ದಹನವಾಯಿತು. ಆಗಿನ ಕೇಂದ್ರದ ಮಾರ್ಗಸೂಚಿ ಹೂಳುವುದನ್ನು ನಿಷೇಧಿಸಿರಲಿಲ್ಲ. ಶವವನ್ನು ಮುಟ್ಟದೆ ಮಾಡುವ ಮಂತ್ರಪಠಣ, ತೀರ್ಥಪ್ರೋಕ್ಷಣೆಗಳಿಗೂ ಅವಕಾಶವಿತ್ತು. ಆದರೆ ಹಾಸಿಗೆಗೂ ಆಮ್ಲಜನಕಕ್ಕೂ ಸರತಿ ನಿಂತಿದ್ದ ಆ ವಾರಗಳಲ್ಲಿ ಯಾವುದಕ್ಕೆ ಅವಕಾಶವಿದೆ ಎಂದು ಹೇಳುವವರೂ ಇರಲಿಲ್ಲ, ಕೇಳುವ ಸ್ಥಿತಿಯಲ್ಲಿ ಮನೆಯವರೂ ಇರಲಿಲ್ಲ. ಅವರ ಮನೆತನದಲ್ಲಿ ಹಿರಿಯರನ್ನು ಗೋಡೆಗೆ ಒರಗಿಸಿ ಕೂರಿಸಿ, ರಾತ್ರಿಯಿಡೀ ಭಜನೆ ಮಾಡಿ, ಹೊಲದಲ್ಲಿ ತೋಡಿದ ಗೋರಿಯಲ್ಲಿ ಕುಳಿತ ಭಂಗಿಯಲ್ಲೇ ಇಳಿಸಿ, ವಿಭೂತಿ ಬಿಲ್ವಪತ್ರೆಗಳ ನಡುವೆ ಸಮಾಧಿ ಮಾಡುವುದು ರೂಢಿ. ಅವರ ಗಂಡನಿಗೆ ಇದರಲ್ಲಿ ಒಂದೂ ಆಗಲಿಲ್ಲ.

ಇಪ್ಪತ್ತು ದಿನಗಳ ಮೇಲೆ ಮಗಳು ಆಸ್ಪತ್ರೆಯಿಂದ ಒಂದು ಪ್ಲಾಸ್ಟಿಕ್ ಚೀಲ ತಂದಳು. ಅದರಲ್ಲಿ ಕನ್ನಡಕ, ಮೊಬೈಲ್ ಮತ್ತು ಗಂಡನ ಕರಡಿಗೆ ಇದ್ದವು. ಎದೆಯ ಎಕ್ಸ್‌ರೇ ತೆಗೆಯುವಾಗ ಕೊರಳಿನಿಂದ ಬಿಚ್ಚಿಟ್ಟದ್ದು ಮತ್ತೆ ಕಟ್ಟಿರಲಿಲ್ಲ. ಅಂದೇ ರಾತ್ರಿ ಅವರು ತಮ್ಮ ಲಿಂಗವನ್ನೂ ತೆಗೆದು, ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟರು. ಖಾಲಿ ಕರಡಿಗೆಯನ್ನು ಮಾತ್ರ ಕೊರಳಲ್ಲಿ ಉಳಿಸಿಕೊಂಡರು.

ಇಷ್ಟು ಕೇಳಿದ ಮೇಲೆ ನನ್ನ ಮುಂದಿದ್ದ ಮೊದಲ ಪ್ರಶ್ನೆ ಇದನ್ನು ಕಾಯಿಲೆಯೆಂದು ನೋಡಬೇಕೇ ಎಂಬುದು. ನಂಬಿಕೆ ಕಳೆದುಕೊಳ್ಳುವುದು ತನ್ನಷ್ಟಕ್ಕೆ ರೋಗವಲ್ಲ. ಅಮೆರಿಕದ ಮನೋವೈದ್ಯರ ಸಂಘವು 1994ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿಯಲ್ಲಿ 'ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ' ಎಂಬ ವರ್ಗವನ್ನು ಸೇರಿಸಿದಾಗಲೂ ಅದನ್ನು ಮನೋರೋಗಗಳ ಸಾಲಿನಲ್ಲಿ ಇಡದೆ, ಗಮನ ಕೊಡಬೇಕಾದ ಸಂಕಟಗಳ ಸಾಲಿನಲ್ಲಿಟ್ಟಿತು. ಆದರೆ ಶೋಕ ಬೇರೆ ಮಾತು. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವು ಆರು ತಿಂಗಳು ದಾಟಿದರೂ ಸಡಿಲಗೊಳ್ಳದೆ ಬದುಕನ್ನೇ ತಡೆಹಿಡಿಯುವ ಶೋಕವನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸುತ್ತದೆ. ಇವರಿಗೆ ಹದಿನೆಂಟು ತಿಂಗಳಾಗಿತ್ತು. ನಿದ್ದೆ ಮೂರು ಗಂಟೆಗೆ ಇಳಿದಿತ್ತು, 'ನಾನೂ ಅವತ್ತೇ ಹೋಗಬೇಕಿತ್ತು' ಎಂಬ ಮಾತು ಎರಡು ಸಲ ಬಂದಿತು. ಸಾಯಬೇಕೆನಿಸುತ್ತದೆಯೇ, ಅದಕ್ಕೆ ಏನಾದರೂ ಯೋಚಿಸಿದ್ದೀರಾ ಎಂದು ನಾನು ನೇರವಾಗಿಯೇ ಕೇಳಿದೆ. ಯೋಚಿಸಿಲ್ಲ ಎಂದರು. ಆದರೂ ಅವರನ್ನು ಮನೋವೈದ್ಯರ ಬಳಿಗೆ ಕಳುಹಿಸಿದೆ, ಮಗಳಿಗೆ ವಿಷಯ ತಿಳಿಸಲು ಅವರಿಂದ ಅನುಮತಿ ಪಡೆದೆ, ರಾತ್ರಿ ಹೊತ್ತು ನಾನು ಫೋನಿಗೆ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬೇಕೆಂದು ಬರೆದುಕೊಟ್ಟೆ. ಯಾರಾದರೂ ದೇವರ ಮೇಲಿನ ನಂಬಿಕೆ ಹೋಯಿತೆಂದು ಹೇಳಿಕೊಂಡು ಬಂದರೆ ಈ ಪರೀಕ್ಷೆ ಮೊದಲು ಆಗಲೇಬೇಕು. ತತ್ತ್ವದ ಮಾತು ಆಮೇಲೆ.

ಊಟದ ವಿಷಯದಲ್ಲಿ ನಾನು ಕೊಟ್ಟ ಸಲಹೆ ಚಿಕ್ಕದು. ನೇಮ ಮುರಿಯಿರಿ ಎಂದು ಹೇಳಲಿಲ್ಲ. ಮಾತ್ರೆಯ ಜೊತೆಗೆ ಕುಡಿಯುವ ಒಂದು ಲೋಟ ಗಂಜಿಯನ್ನು ಊಟವೆಂದು ಎಣಿಸದೆ ಔಷಧಿಯೆಂದು ಎಣಿಸಬಹುದೇ ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಔಷಧಿಗೆ ನೇಮವಿಲ್ಲ ಎಂದು ಒಪ್ಪಿದರು. ತಲೆಸುತ್ತು ಎರಡು ವಾರಗಳಲ್ಲಿ ನಿಂತಿತು.

ನಂಬಿಕೆಯ ವಿಷಯದಲ್ಲಿ ನಾನು ಆರಂಭದಲ್ಲಿಯೇ ತಪ್ಪು ಮಾಡಿದೆ. ಮೂರನೆಯ ಭೇಟಿಯಲ್ಲಿ, ದಿನಕ್ಕೆ ಐದೇ ನಿಮಿಷ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತು ನೋಡಿ, ರೂಢಿ ಮರಳಿದರೆ ಮನಸ್ಸೂ ಮರಳಬಹುದು ಎಂದೆ. ಅವರು "ಆತ್ರಿ" ಎಂದು ಹೋದವರು ಮುಂದಿನ ಎರಡು ಭೇಟಿಗಳಿಗೆ ಬರಲಿಲ್ಲ. ಮಗಳ ಒತ್ತಾಯಕ್ಕೆ ಮರಳಿ ಬಂದಾಗ ನಾನು ಕ್ಷಮೆ ಕೇಳಿದೆ, ಏನಾಯಿತೆಂದು ಕೇಳಿದೆ. "ಅಂಗೈಯಾಗ ಇಟ್ಟು ನೋಡಿದ್ರ ಲಿಂಗಾ ಕಾಣೂದಿಲ್ರಿ, ಚೀಲದಾಗ ಕಟ್ಟಿದ್ದ ಅವರs ಕಾಣ್ತಾರ" ಎಂದರು. ಚಿತಾಗಾರದ ಮುಂದೆ ಚೀಲದಲ್ಲಿ ಕಟ್ಟಿಟ್ಟಿದ್ದ ದೇಹದ ಚಿತ್ರವೊಂದು ಅಂದು ಮಗನ ಮೊಬೈಲಿಗೆ ಬಂದು, ಅಲ್ಲಿಂದ ಅವರ ಮೊಬೈಲಿಗೂ ಬಂದಿತ್ತು. ರೆಪ್ಪೆ ಬಡಿಯದೆ ನೋಡುವ ಆ ಸಾಧನೆಯೇ, ಐವತ್ತು ವರ್ಷ ಅವರನ್ನು ಕಾಪಾಡಿದ ಆ ನೋಟವೇ, ಈಗ ಆ ಚಿತ್ರವನ್ನು ತಂದು ನಿಲ್ಲಿಸುವ ದಾರಿಯಾಗಿತ್ತು. ನಾನು ವಿಚಾರಿಸದೆ ಅವರನ್ನು ಅಲ್ಲಿಗೇ ಕಳುಹಿಸಿದ್ದೆ. ಪೂಜೆ, ಜಪ, ಧ್ಯಾನ ಇವುಗಳಿಂದ ಎಲ್ಲರಿಗೂ ಒಳ್ಳೆಯದೇ ಆಗುತ್ತದೆ ಎಂದು ತಿಳಿದು ಸಲಹೆ ಕೊಡುವ ಆಪ್ತಸಲಹೆಗಾರರು ಇದನ್ನು ದಯವಿಟ್ಟು ನೆನಪಿಡಬೇಕು.

ಆಮೇಲಿನ ಭೇಟಿಗಳಲ್ಲಿ ನಾನು 'ನಂಬಿಕೆ' ಎಂಬ ಪದವನ್ನು ಬಿಟ್ಟು, ಯಾವ ಕ್ಷಣದಲ್ಲಿ ಏನು ಮುರಿಯಿತು ಎಂದು ಕೇಳತೊಡಗಿದೆ. ಗಂಡ ಸತ್ತ ಕ್ಷಣದಲ್ಲಿ ಅಲ್ಲವೆಂದು ಅವರೇ ಹೇಳಿದರು. ಸಾವನ್ನು ಅವರು ಒಪ್ಪಿದ್ದರು, ಅವರ ಮನೆಮಾತಿನಲ್ಲಿ ಅದು ಲಿಂಗೈಕ್ಯ. ಮುರಿದದ್ದು ಕರಡಿಗೆ ಮರಳಿ ಬಂದ ಕ್ಷಣದಲ್ಲಿ. ಲಿಂಗವೇ ಮನೆಗೆ ಬಂದಿದೆ ಎಂದಮೇಲೆ ಗಂಡ ಯಾವುದರಲ್ಲಿ ಐಕ್ಯರಾದರು ಎಂಬುದು ಅವರ ಪ್ರಶ್ನೆ. ಅದರ ಮೇಲೆ ಸಾಂತ್ವನ ಹೇಳಲು ಬಂದ ಬಂಧುವೊಬ್ಬರು 'ಶರಣರ ಗುಣವನ್ನು ಮರಣದಲ್ಲಿ ಕಾಣು' ಎಂಬ ಗಾದೆಯನ್ನು, ಬಹುಶಃ ಕೆಟ್ಟ ಉದ್ದೇಶವಿಲ್ಲದೆಯೇ, ಅವರ ಎದುರಿಗೆ ಆಡಿದ್ದರು. ಒಂದು ದಿನವೂ ಪೂಜೆ ತಪ್ಪಿಸದ, ಯಾರ ಹಂಗಿಗೂ ಬೀಳದ ಗಂಡನ ಗುಣಕ್ಕೆ ಆ ಮರಣವೇ ಸಾಕ್ಷಿಯಾಗುವುದಾದರೆ ಅಂಥ ನ್ಯಾಯ ಮಾಡುವ ದೇವರು ತಮಗೆ ಬೇಡವೆಂದು ಅವರು ತೀರ್ಮಾನಿಸಿದ್ದರು. ಆ ತೀರ್ಮಾನವನ್ನು ನಾನು ತಿದ್ದಲು ಹೋಗಲಿಲ್ಲ, ಏಕೆಂದರೆ ನನಗೆ ಅದರಲ್ಲಿ ಗಂಡನ ಮೇಲಿನ ನಿಷ್ಠೆ ಕಾಣುತ್ತಿತ್ತು.

ಒಮ್ಮೆ ಅವರು ನನ್ನನ್ನೇ ಕೇಳಿದರು, "ನೀವು ದೇವರನ್ನ ನಂಬ್ತೀರೇನ್ರಿ?" ಇಂಥ ಪ್ರಶ್ನೆಯನ್ನು ತಿರುಗಿಸಿ ಕೇಳಿದವರ ಮೇಲೆಯೇ ಹಾಕಬೇಕೆಂದು ನಮಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಆದರೆ ಎದುರಿಗೆ ಕೂತ ಹಿರಿಯರು ತಮ್ಮ ಖಾಲಿ ಕರಡಿಗೆಯನ್ನು ತೆರೆದು ತೋರಿಸಿರುವಾಗ ಹಾಗೆ ಜಾರಿಕೊಳ್ಳುವುದು ನನಗೆ ಸರಿಯೆನಿಸಲಿಲ್ಲ. ನನ್ನ ಉತ್ತರ ಹೌದೆಂದಾದರೆ ನೀವು ನನ್ನ ಮುಂದೆ ದೇವರನ್ನು ಬೈಯಲು ಹಿಂಜರಿಯುತ್ತೀರಿ, ಇಲ್ಲವೆಂದಾದರೆ ಎಂದಾದರೂ ಮರಳಿ ನಂಬಬೇಕೆನಿಸಿದಾಗ ನನಗೆ ಹೇಳಲು ನಾಚುತ್ತೀರಿ, ಎರಡಕ್ಕೂ ಜಾಗವಿರಲೆಂದೇ ನಾನು ಉತ್ತರ ಹೇಳುತ್ತಿಲ್ಲ ಎಂದೆ. ಅವರಿಗೆ ಅದು ಒಪ್ಪಿಗೆಯಾಯಿತು. ಅಂದೇ ಮೊದಲ ಸಲ ಅವರು ದೇವರನ್ನು ಗಟ್ಟಿಯಾಗಿ ಬೈದರು. ನಮ್ಮ ಭಕ್ತಿ ಸಂಪ್ರದಾಯದಲ್ಲಿ ನಿಂದಾಸ್ತುತಿಗೆ ಹೆಸರೂ ಉಂಟು, ಮರ್ಯಾದೆಯೂ ಉಂಟು ಎಂದು ನಾನು ಹೇಳಬಹುದಿತ್ತು. ಆದರೆ ಬೈಗುಳವನ್ನು ಆ ಕೂಡಲೇ ಸ್ತುತಿಯೆಂದು ಕರೆದರೆ ಸಿಟ್ಟನ್ನು ಕಿತ್ತುಕೊಂಡಂತಾಗುತ್ತದೆ ಎಂದು ಸುಮ್ಮನಿದ್ದೆ.

ಬೈಯುತ್ತ ಹೋದಂತೆ ಇನ್ನೊಂದು ಮಾತು ಹೊರಬಂತು. "ನನ್ನ ಒಂದ ಮಾತ ಕೇಳಬೇಕಿತ್ರಿ ಅವ." ಅವನೆಂದರೆ ದೇವರಲ್ಲ, ಮಗ. ಫೋನಿನಲ್ಲಿ ಒಪ್ಪಿಗೆ ಕೊಡುವ ಮೊದಲು ಮಗ ತಾಯಿಯನ್ನು ಕೇಳಿರಲಿಲ್ಲ. ಜ್ವರದಲ್ಲಿದ್ದ ತಾಯಿಗೆ ಆಘಾತವಾದೀತೆಂದು ಕೇಳಿರಲಿಲ್ಲ. ಅದು ಅವರಿಗೆ ಗೊತ್ತು, ಆದ್ದರಿಂದಲೇ ಮಗನ ಮೇಲೆ ಸಿಟ್ಟು ಮಾಡಲಾರರು. ಹಾಗೆಂದು ದೇವರ ಮೇಲಿನ ಸಿಟ್ಟೆಲ್ಲ ಮಗನ ಮೇಲಿನದ್ದೇ ಎಂದು ನಾನು ವ್ಯಾಖ್ಯಾನ ಮಾಡಲಿಲ್ಲ. ಎರಡೂ ನಿಜ, ಎರಡಕ್ಕೂ ಬೇರೆ ಬೇರೆ ಮಾತುಕತೆ ಬೇಕಿತ್ತು.

ನನ್ನ ಸಲಹೆಯೂ ಎರಡು ಕಡೆಗೆ ಹೋಯಿತು. ಮಗನನ್ನು ದೂರುವುದಕ್ಕಲ್ಲದೆ, ಆ ಬೆಳಗಿನಲ್ಲಿ ಏನೇನಾಯಿತೆಂದು ಮೊದಲಿನಿಂದ ಹೇಳಿಸಿಕೊಳ್ಳುವುದಕ್ಕಾಗಿ ಒಮ್ಮೆ ಎದುರು ಕೂರಿಸಿಕೊಳ್ಳಿ ಎಂದೆ. ಐಕ್ಯದ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ, ಅದನ್ನು ಹೇಳುವ ಅಧಿಕಾರವೂ ನನಗಿಲ್ಲ, ನಿಮ್ಮನ್ನು ಗದರಿಸದೆ ಕೇಳಿಸಿಕೊಳ್ಳುವ ಹಿರಿಯರು ನಿಮ್ಮ ಸಂಪ್ರದಾಯದಲ್ಲಿ ಯಾರಿದ್ದಾರೆ ಎಂದೂ ಕೇಳಿದೆ. ಗದರಿಸದೆ ಎಂಬ ಮಾತನ್ನು ಒತ್ತಿ ಹೇಳಿದ್ದೆ. ಅವರು ಇಬ್ಬರ ಹೆಸರು ಹೇಳಿ ಇಬ್ಬರನ್ನೂ ತಾವೇ ಬಿಟ್ಟು, ಕೊನೆಗೆ ತವರೂರಿನ ವಯಸ್ಸಾದ ಅಯ್ಯನವರೊಬ್ಬರನ್ನು ಆರಿಸಿದರು.

ಮಗ 2023ರ ಬೇಸಿಗೆಯಲ್ಲಿ ಬಂದ. ಆ ಬೆಳಿಗ್ಗೆ ಆಸ್ಪತ್ರೆಯವರು ಅರ್ಧ ಗಂಟೆಯಲ್ಲಿ ಉತ್ತರ ಕೇಳಿದ್ದನ್ನು, ತಾನು ಹೌದೆಂದು ಹೇಳಿ ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕೂತದ್ದನ್ನು, ಅಂದಿನಿಂದ ತಾನೂ ವಿಭೂತಿ ಹಚ್ಚಿಲ್ಲವೆಂಬುದನ್ನು ತಾಯಿಗೆ ಹೇಳಿದ. ಅಯ್ಯನವರು ಐಕ್ಯದ ಪ್ರಶ್ನೆಗೆ ಶಾಸ್ತ್ರದ ಉತ್ತರ ಕೊಡಲಿಲ್ಲವಂತೆ. ತಮಗೂ ಗೊತ್ತಿಲ್ಲವೆಂದು ಹೇಳಿ, ಆಗದೆ ಉಳಿದದ್ದನ್ನು ಈಗಲಾದರೂ ಮಾಡೋಣ ಎಂದರಂತೆ. ಹೊಲದಲ್ಲಿ ಹಿರಿಯರ ಗೋರಿಗಳ ಸಾಲಿನಲ್ಲಿ ಮಗನೇ ಗುಂಡಿ ತೋಡಿದ. ಗಂಡನ ಲಿಂಗವನ್ನು ಕರಡಿಗೆಯ ಸಮೇತ, ಕನ್ನಡಕದ ಜೊತೆಗೆ, ವಿಭೂತಿ ಮತ್ತು ಬಿಲ್ವಪತ್ರೆಯ ನಡುವೆ ಇಟ್ಟು ಮುಚ್ಚಿದರು. ಹಿಂದಿನ ರಾತ್ರಿ ಊರಿನವರು ಬಂದು ಭಜನೆ ಮಾಡಿದರು.

ಇದಾದ ಮೇಲೆ ಎಲ್ಲವೂ ಸರಿಹೋಯಿತೆಂದು ಮನೆಯವರು ಭಾವಿಸಿದರು, ಇನ್ನು ಲಿಂಗ ಕಟ್ಟಿಕೋ ಎಂದು ಮಗಳು ಒತ್ತಾಯಿಸತೊಡಗಿದಳು. ಆಗ ಮಗಳನ್ನು ಬೇರೆಯಾಗಿ ಕರೆದು ಮಾತಾಡಿದೆ. ನಂಬಿಕೆ ಕಳೆದುಕೊಂಡವರ ಮನೆಯವರಿಗೆ ನಾನು ಸಾಮಾನ್ಯವಾಗಿ ಹೇಳುವುದನ್ನೇ ಅವಳಿಗೂ ಹೇಳಿದೆ. ಪೂಜೆಯಾಯಿತೇ ಎಂದು ದಿನವೂ ವಿಚಾರಿಸಬೇಡಿ, ಹರಕೆ ಹೊತ್ತು ಗುಡಿಗುಡಿ ತಿರುಗಿಸಬೇಡಿ, ದೇವರ ಮೇಲೆ ಸಿಟ್ಟು ಮಾಡಿದ್ದಕ್ಕೇ ಕಷ್ಟ ಬಂತೆಂದು ತಮಾಷೆಗೂ ಆಡಬೇಡಿ. ಅವರು ಮುಂದೆ ಎಂದೂ ಲಿಂಗ ಧರಿಸದೆ ಇರಬಹುದು, ಆಗಲೂ ಅವರು ನಿಮ್ಮ ತಾಯಿಯೇ, ಪಂಕ್ತಿಯಲ್ಲಿ ಅವರ ಎಲೆ ಅಲ್ಲೇ ಇರಬೇಕು. ಮಗಳಿಗೆ ಇದು ಕಷ್ಟವಾಯಿತು. ತಾಯಿ ಲಿಂಗವಿಲ್ಲದೆ ತೀರಿಕೊಂಡರೆ ಏನು ಗತಿ ಎಂದು ಅವಳು ಅತ್ತಳು. ಅವಳ ಭಯವೂ ನಿಜವಾದದ್ದೇ, ಅದಕ್ಕಾಗಿ ಅವಳಿಗೂ ಎರಡು ಭೇಟಿ ಬೇಕಾದವು.

ಮಳೆಗಾಲ ಹಿಡಿಯುವ ಹೊತ್ತಿಗೆ ನಿದ್ದೆ ಐದೂವರೆ ಗಂಟೆಗೆ ಬಂದಿತ್ತು, ಮನೋವೈದ್ಯರು ಮಾತ್ರೆಯನ್ನು ಕಡಿಮೆ ಮಾಡುತ್ತಿದ್ದರು. ಕೊನೆಯ ನಿಗದಿತ ಭೇಟಿ 2023ರ ಸೆಪ್ಟೆಂಬರ್‌ನಲ್ಲಿ. ಅವರು ಲಿಂಗವನ್ನು ಟ್ರಂಕಿನಿಂದ ತೆಗೆದು ಕರಡಿಗೆಯಲ್ಲಿಟ್ಟಿದ್ದರು. ಬೆಳಿಗ್ಗೆ ಮಿಂದು ಬಂದು, ಮುಚ್ಚಳ ತೆರೆಯದೆ, ಕರಡಿಗೆಯನ್ನೇ ಎಡ ಅಂಗೈಯಲ್ಲಿಟ್ಟುಕೊಂಡು, ಒಂದು ಊದುಬತ್ತಿ ಉರಿದು ಮುಗಿಯುವವರೆಗೆ ಕೂರುತ್ತಾರೆ. ಮಂತ್ರವಿಲ್ಲ, ಬೇಡಿಕೆಯಿಲ್ಲ. ಕೆಲವು ದಿನ ಇನ್ನೂ ಆ ಚಿತ್ರ ಬರುತ್ತದೆ, ಬಂದ ದಿನ ಕರಡಿಗೆಯನ್ನು ಕೆಳಗಿಟ್ಟು ಎದ್ದು ಗಂಜಿ ಕಾಸುತ್ತಾರೆ. ನಾನು ಭೇಟಿಯ ವಿವರ ಬರೆಯುತ್ತಿರುವುದನ್ನು ನೋಡಿ ಅವರು ತಡೆದರು. "ನಂಬಿಕಿ ಬಂತು ಅಂತ ಬರೀಬ್ಯಾಡ್ರಿ ಮೇಡಂ. ಕುಂಡ್ರಾಕತ್ತಾಳ ಅಂತ ಬರೀರಿ." ಕಡತದಲ್ಲಿ ಅವರ ಮಾತನ್ನೇ ಬರೆದು, ಆರು ತಿಂಗಳ ನಂತರದ ಭೇಟಿಗೆ ದಿನಾಂಕ ಕೊಟ್ಟು ಕಳುಹಿಸಿದೆ.