9.8 ಅನ್ನೋದು ವೇಗ ಅಲ್ಲ

ನಿಮ್ಮ ಪ್ರಶ್ನೆ: “ಬೀಳುವ ವಸ್ತುವಿಗೆ 9.8 ಅಂತ ಪುಸ್ತಕದಲ್ಲಿದೆ. ಹಾಗಾದರೆ ಕಲ್ಲು 5 ಸೆಕೆಂಡಿನಲ್ಲಿ 49 ಮೀಟರ್ ಬೀಳಬೇಕು, ಅಲ್ವಾ? ಕಲ್ಲು ದೊಡ್ಡದಾದರೆ ಇನ್ನೂ ಜಾಸ್ತಿಯಾ?”

49 ಅಲ್ಲ, ಸುಮಾರು 122 ಮೀಟರ್. ಗಾಳಿಯ ತಡೆಯನ್ನು ಬಿಟ್ಟು ಹೇಳುತ್ತಿದ್ದೇನೆ. ನೀವು ಹೇಳಿದ 49 ಕೂಡ ಲೆಕ್ಕದಲ್ಲಿ ಇದೆ. ಆದರೆ ಅದು ಬಿದ್ದ ದೂರವಲ್ಲ, 5ನೇ ಸೆಕೆಂಡಿನ ಕೊನೆಗೆ ಕಲ್ಲಿಗಿರುವ ವೇಗ, ಸೆಕೆಂಡಿಗೆ 49 ಮೀಟರ್.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಈ ಪ್ರಶ್ನೆ ಬಂದೇ ಬರುತ್ತದೆ. ಮಕ್ಕಳಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: 9.8 ಅನ್ನೋದು ಸಂಬಳ ಅಲ್ಲ, ಇಂಕ್ರಿಮೆಂಟ್. ಕೈಬಿಟ್ಟ ಕ್ಷಣದಲ್ಲಿ ಕಲ್ಲಿನ ವೇಗ ಸೊನ್ನೆ. 1 ಸೆಕೆಂಡಿಗೆ 9.8, 2ಕ್ಕೆ 19.6, 3ಕ್ಕೆ 29.4. ಮೊದಲ ಸೆಕೆಂಡಿನಲ್ಲಿ ಸೊನ್ನೆಯಿಂದ ಶುರುವಾಗಿ 9.8ಕ್ಕೆ ಏರುವುದರಿಂದ ಸರಾಸರಿ 4.9. ಅಷ್ಟೇ ಮೀಟರ್ ಬೀಳುತ್ತದೆ. ಎರಡನೇ ಸೆಕೆಂಡಿನಲ್ಲಿ 14.7, ಮೂರನೆಯದರಲ್ಲಿ 24.5 ಮೀಟರ್. ಅಂದರೆ ಒಂದಕ್ಕೆ ಮೂರರಷ್ಟು, ಆಮೇಲೆ ಐದರಷ್ಟು, ಏಳರಷ್ಟು. ಈ ಬೆಸ ಸಂಖ್ಯೆಗಳ ಸಾಲನ್ನು ಗೆಲಿಲಿಯೋ 400 ವರ್ಷಗಳ ಹಿಂದೆಯೇ ಗುರುತಿಸಿದ್ದ.

ಇದನ್ನು ಮನೆಯಲ್ಲೇ ಕಿವಿಯಿಂದ ಕೇಳಬಹುದು. ದಯವಿಟ್ಟು ಮಾಡಿ ನೋಡಿ, ನನಗೆ ಬಹಳ ಇಷ್ಟದ ಪ್ರಯೋಗ ಇದು. ಎರಡು ಮೀಟರ್ ದಾರ, ಐದು ಕಬ್ಬಿಣದ ನಟ್ಟು ಸಾಕು. 40 ಸೆಂಟಿಮೀಟರಿಗೆ ಒಂದರಂತೆ ನಟ್ಟು ಕಟ್ಟಿ. ನೆಲದ ಮೇಲೆ ಸ್ಟೀಲ್ ತಟ್ಟೆ ಬೋರಲು ಹಾಕಿ, ಕೆಳಗಿನ ನಟ್ಟು ಅದಕ್ಕೆ ತಾಗಿಯೂ ತಾಗದ ಹಾಗೆ ದಾರ ಹಿಡಿದು ಕೈ ಬಿಡಿ. ಸದ್ದುಗಳು ಬರಬರುತ್ತಾ ಹತ್ತಿರವಾಗುತ್ತವೆ. ಮೇಲಿನ ನಟ್ಟು ತಟ್ಟೆ ಮುಟ್ಟುವ ಹೊತ್ತಿಗೆ ಅದಕ್ಕೆ ಜಾಸ್ತಿ ವೇಗ ಬಂದಿರುತ್ತದಲ್ಲ! ಈಗ ಗಂಟು ಬಿಚ್ಚಿ, ಕೆಳಗಿನ ನಟ್ಟಿನಿಂದ 10, 40, 90, 160 ಸೆಂಟಿಮೀಟರಿಗೆ ಕಟ್ಟಿ. ನಡುವಿನ ಅಂತರ 10, 30, 50, 70. ಮತ್ತೆ ಕೈ ಬಿಡಿ. ಟಕ್, ಟಕ್, ಟಕ್, ಟಕ್ ಅಂತ ತಾಳ ಹಾಕಿದ ಹಾಗೆ ಸಮನಾಗಿ ಕೇಳುತ್ತದೆ. ಕ್ಲಾಸಿನಲ್ಲಿ ಈ ಸದ್ದು ಬಂದಾಗ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ.

ಇನ್ನು ತೆಂಗಿನಮರ. 20 ಮೀಟರ್ ಎತ್ತರದಿಂದ ಕಾಯಿ ಬಿದ್ದರೆ ನೆಲ ಮುಟ್ಟಲು ಬರೀ 2 ಸೆಕೆಂಡು. ಆಗ ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್. ಮರ ಅರ್ಧದಷ್ಟೇ ಎತ್ತರ ಇದ್ದರೆ ವೇಗವೂ ಅರ್ಧ ಅಂದುಕೊಳ್ಳಬೇಡಿ, ಆಗಲೂ 50 ಇರುತ್ತದೆ. ಗಿಡ್ಡ ಮರ ಅಂತ ಕೆಳಗೆ ಮಕ್ಕಳನ್ನು ಆಡಲು ಬಿಡುವವರನ್ನು ನೋಡಿದರೆ ನನಗೆ ಭಯವಾಗುತ್ತದೆ.

ದೊಡ್ಡ ಕಲ್ಲು ಬೇಗ ಬೀಳುವುದಿಲ್ಲ. ಭೂಮಿ ಅದನ್ನು ಜಾಸ್ತಿ ಎಳೆಯುವುದು ನಿಜ, ಆದರೆ ಅದನ್ನು ಕದಲಿಸಲು ಅಷ್ಟೇ ಜಾಸ್ತಿ ಬಲವೂ ಬೇಕು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು, ಅಲ್ಲಿ ಗಾಳಿ ಇಲ್ಲ. ನಮ್ಮಲ್ಲಿ ಗರಿ ತೇಲಾಡುವುದು ಗಾಳಿಯ ಕೆಲಸ. ವೇಗ ಏರಿದಷ್ಟೂ ಗಾಳಿಯ ತಡೆಯೂ ಏರುತ್ತದೆ. ಭೂಮಿಯ ಎಳೆತವೂ ಗಾಳಿಯ ತಡೆಯೂ ಸಮವಾದ ಮೇಲೆ ಇಂಕ್ರಿಮೆಂಟ್ ನಿಂತುಹೋಗುತ್ತದೆ. ಗಾಳಿಯೇ ಇಲ್ಲದಿದ್ದರೆ 1 ಕಿಲೋಮೀಟರ್ ಮೇಲಿನ ಮೋಡದಿಂದ ಬಿದ್ದ ಹನಿ ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ತಲೆಗೆ ಬಡಿಯುತ್ತಿತ್ತು. ಈಗ ದೊಡ್ಡ ಹನಿಯೂ 30ರ ಆಸುಪಾಸಿನಲ್ಲೇ ಬರುತ್ತದೆ.