ಸೊಳ್ಳೆಯ ಹೊಟ್ಟೆಯಲ್ಲಿರುವ ರಕ್ತ ಯಾರದೆಂದು ಪತ್ತೆಹಚ್ಚಬಹುದೇ? ಅದರಿಂದ ಕಳ್ಳನನ್ನು ಹಿಡಿದದ್ದು ನಿಜವೇ?

ಪತ್ತೆಹಚ್ಚಬಹುದು. ದನದ್ದೋ ಮನುಷ್ಯನದ್ದೋ ಎಂದಷ್ಟೇ ಅಲ್ಲ, ಇಂಥವರದೇ ಎನ್ನುವಷ್ಟು ಖಚಿತವಾಗಿ. ಆದರೆ ಸೊಳ್ಳೆ ಬೇಗ ಕೈಗೆ ಸಿಗಬೇಕು, ಹೋಲಿಸಿ ನೋಡಲು ಆ ವ್ಯಕ್ತಿಯ ಡಿಎನ್‌ಎ ಮಾಹಿತಿಯೂ ಇರಬೇಕು.

ನಮ್ಮ ಕೆಂಪು ರಕ್ತಕಣಗಳಲ್ಲಿ ಡಿಎನ್‌ಎ ಇರುವ ಕೋಶಕೇಂದ್ರವೇ ಇಲ್ಲ. ಹಾಗಾಗಿ ಗುರುತು ಸಿಗುವುದು ಬಿಳಿ ರಕ್ತಕಣಗಳಿಂದ. ಡಿಎನ್‌ಎಯ ಕೆಲವು ಜಾಗಗಳಲ್ಲಿ ಒಂದೇ ಪುಟ್ಟ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಎಂಬುದು ಜನರಿಂದ ಜನರಿಗೆ ಬೇರೆಯಾಗುತ್ತದೆ. ಪಿಸಿಆರ್ ಎಂಬ ಪ್ರಯೋಗಾಲಯದ ವಿಧಾನದ ಮೂಲಕ ಆ ಜಾಗಗಳ ಪ್ರತಿಗಳನ್ನು ಹೆಚ್ಚಿಸಿಕೊಂಡು ಅಳೆಯುತ್ತಾರೆ. ಅಂಥ ಹಲವು ಜಾಗಗಳು ಒಟ್ಟಿಗೆ ತಾಳೆಯಾದರೆ ಆಳು ಸಿಕ್ಕ ಹಾಗೆ, ತದ್ರೂಪಿ ಅವಳಿಗಳನ್ನು ಬಿಟ್ಟು. ಆದರೆ ಸೊಳ್ಳೆ ರಕ್ತವನ್ನು ಅರಗಿಸಿಕೊಳ್ಳುತ್ತಾ ಹೋದಂತೆ ಡಿಎನ್‌ಎಯೂ ಚೂರುಚೂರಾಗುತ್ತದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಚ್ಚಿ ಎರಡು ದಿನ ಕಳೆದ ಮೇಲೂ ವ್ಯಕ್ತಿಯ ಗುರುತು ಸಿಕ್ಕಿತ್ತು.

ಕಳ್ಳನ ಕತೆ ಫಿನ್ಲೆಂಡಿನದು, 2008ರದು. ಕದ್ದ ಕಾರಿನೊಳಗೆ ರಕ್ತ ಕುಡಿದ ಸೊಳ್ಳೆಯೊಂದು ಪೊಲೀಸರಿಗೆ ಸಿಕ್ಕಿತು. ಆ ರಕ್ತ ಪೊಲೀಸರ ದಾಖಲೆಯಲ್ಲಿದ್ದ ಒಬ್ಬನ ಡಿಎನ್‌ಎಗೆ ಹೊಂದಿತು. ಆದರೆ ಅವನು, ತಾನು ಆ ಕಾರಿನಲ್ಲಿ ಡ್ರಾಪ್ ತೆಗೆದುಕೊಂಡಿದ್ದೆನಷ್ಟೇ ಎಂದ. ಸೊಳ್ಳೆ ಹೇಳಬಲ್ಲದ್ದೂ ಅಷ್ಟೇ: ಯಾರ ರಕ್ತ ಎಂಬುದನ್ನು, ಕದ್ದವರು ಯಾರು ಎಂಬುದನ್ನಲ್ಲ.

ನನಗೆ ಇದಕ್ಕಿಂತ ಎಷ್ಟೋ ಮುಖ್ಯವೆನಿಸುವುದು ಮಲೇರಿಯಾ ಕುರಿತು ಇದರಿಂದ ನಡೆದ ಕೆಲಸ. ಪಶ್ಚಿಮ ಕೀನ್ಯಾದಲ್ಲಿ ಸಂಶೋಧಕರು 15 ತಿಂಗಳು ಮನೆಗಳೊಳಗೆ ಕೂತ, ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳನ್ನು ಹಿಡಿದು, ಅವುಗಳ ಹೊಟ್ಟೆಯ ರಕ್ತವನ್ನು ಅಧ್ಯಯನಕ್ಕೆ ಒಪ್ಪಿದ್ದ ಜನರ ರಕ್ತದ ಜೊತೆ ತಾಳೆ ನೋಡಿದರು. 2024ರಲ್ಲಿ ಪ್ರಕಟವಾದ ಫಲಿತಾಂಶ ಓದಿ ನಾನು ನಿಜಕ್ಕೂ ಬೆರಗಾದೆ. ಒಟ್ಟು ಕಡಿತಗಳಲ್ಲಿ ಶೇ. 86ರಷ್ಟು ಬಿದ್ದದ್ದು ಬರೀ ಶೇ. 20ರಷ್ಟು ಜನರಿಗೆ! ಹೆಂಗಸರಿಗಿಂತ ಗಂಡಸರಿಗೆ, ಉಳಿದ ವಯಸ್ಸಿನವರಿಗಿಂತ 5ರಿಂದ 15 ವರ್ಷದವರಿಗೆ ಹೆಚ್ಚು. ರೋಗ ಮುಂದಕ್ಕೆ ಹರಡಬಹುದಾದ ಕಡಿತಗಳಲ್ಲಿ ಅರ್ಧದಷ್ಟು, ಆಗಲೇ ಸೋಂಕಿದ್ದ ಶಾಲಾ ವಯಸ್ಸಿನ ಹುಡುಗರ ಮೇಲೇ ಆಗಿದ್ದವು.

ಸೊಳ್ಳೆ ಪರದೆಯ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಐದು ವರ್ಷದೊಳಗಿನ ಕೂಸುಗಳು ಮತ್ತು ಬಸುರಿಯರು. ಅದು ಸರಿಯೇ, ಮಲೇರಿಯಾದಿಂದ ಅವರ ಜೀವಕ್ಕೇ ಅಪಾಯ ಹೆಚ್ಚು. ಆದರೆ ನೋಡಲು ಗಟ್ಟಿಮುಟ್ಟಾಗಿ, ಮೈಯಲ್ಲಿ ರೋಗಾಣು ಹೊತ್ತುಕೊಂಡೇ ಓಡಾಡುವ ಹತ್ತು ವರ್ಷದ ಹುಡುಗನನ್ನೂ ಪರದೆಯೊಳಗೆ ಮಲಗಿಸಬೇಕು, ಅವನ ರಕ್ತಪರೀಕ್ಷೆಯನ್ನೂ ಮಾಡಿಸಬೇಕು.