ನಿಲ್ಲುವ ಜಾಗ ಅತ್ತೆಯವರಿಗೆ ಬಿಡಿ

ಪ್ರಶ್ನೆ: ನಮ್ಮ ಯಜಮಾನರು ಹಳೆಯ ಟೆಂಪೊ ಟ್ರಾವೆಲರ್ ಕೊಂಡು ಒಳಗೆ ಮಂಚ, ಒಲೆ ಹಾಕಿಸಿದ್ದಾರೆ. ಗೌರಿ ಹಬ್ಬ ಮುಗಿಸಿ ಅತ್ತೆ, ಮಕ್ಕಳ ಜೊತೆ ಮಲೆನಾಡಿಗೆ ಹೊರಟಿದ್ದೇವೆ. ನೀವು ಚಿಕ್ಕಂದಿನಲ್ಲಿ ಮೆಟಡಾರ್‌ನಲ್ಲಿ ಹೀಗೇ ಸುತ್ತಿದ್ದಿರಂತೆ. ಎಲ್ಲೆಲ್ಲಿ ನಿಲ್ಲಿಸಬೇಕು?
– ಓದುಗರು, ದಾವಣಗೆರೆ

ಉತ್ತರ: ನಾವು ಹೋಗಿದ್ದೂ ಗೌರಿ ಹಬ್ಬ ಮುಗಿದ ಮೇಲೆಯೇ, 1996ರಲ್ಲಿ. ಅಪ್ಪ ಹಿಂದಿನ ಸೀಟು ಕಿತ್ತು ಹಲಗೆ ಮಂಚ ಹೊಡೆಸಿದ್ದರು. ಅದರಡಿ ಸೀಮೆಎಣ್ಣೆ ಸ್ಟೌ, ಅವಲಕ್ಕಿ ಡಬ್ಬ, ನೀರಿನ ಕ್ಯಾನು. ಅಪ್ಪನ ಹತ್ತಿರ ದೊಡ್ಡ ಪಟ್ಟಿಯೇ ಇತ್ತು. ಆದರೆ ಇವತ್ತಿಗೂ ನನ್ನ ಕಣ್ಣಮುಂದೆ ಬರುವುದು ಅಜ್ಜಿ ನಿಲ್ಲಿಸು ಅಂದ ಜಾಗಗಳು.

ಶಿವಮೊಗ್ಗ ಬಿಟ್ಟು ತೀರ್ಥಹಳ್ಳಿ ದಾರಿಯಲ್ಲಿ 30 ಕಿ.ಮೀ. ಆಗಿತ್ತು ಅಷ್ಟೇ. "ನಿಲ್ಸು ಮಾರಾಯ, ಕಾಲು ಜೋಮು ಹಿಡೀತು" ಅಂದಳು. ಅದು ಮಂಡಗದ್ದೆ. ರಸ್ತೆಗೆ ತಾಗಿಕೊಂಡೇ ತುಂಗೆ, ಹೊಳೆ ನಡುವೆ ಕುದುರು, ಅಂದರೆ ಪುಟ್ಟ ನಡುಗಡ್ಡೆ. ಅರ್ಧ ನೀರಲ್ಲಿ ನಿಂತ ಮರಗಳ ತುಂಬಾ ಬೆಳ್ಳಕ್ಕಿ, ನೀರುಕಾಗೆ. ಮಳೆಗಾಲದಲ್ಲಿ ಅವು ಅಲ್ಲೇ ಗೂಡು ಕಟ್ಟುತ್ತವೆ. ಒಂದು ಮರಿ ತಾಯಿಯ ಗಂಟಲೊಳಗೇ ಕೊಕ್ಕು ತೂರಿಸಿ ಮೀನು ಎಳೆಯುತ್ತಿತ್ತು. ಸಂಜೆ ಹೊತ್ತಿಗೆ ಹೋಗಿ, ಹಕ್ಕಿಗಳೆಲ್ಲ ವಾಪಸ್ ಬರುವುದನ್ನು ಮಕ್ಕಳು ನೋಡಲಿ.

ಆಗುಂಬೆಯಲ್ಲಿ ಸೂರ್ಯಾಸ್ತ ಕಾಯುತ್ತಾ ಕೂತು ಮೋಡ ನೋಡಿಕೊಂಡು ಬಂದೆವು. ಅದಕ್ಕೆ ಮಳೆಗಾಲ ಕಳೆಯಬೇಕು. 14 ತಿರುವಿನ ಘಾಟಿ ಸುಮ್ನೆ ಇಳಿಯಬೇಡಿ, ಹಳೆಯ ಗಾಡಿಯ ಬ್ರೇಕಿಗೆ ಕಷ್ಟ.

ಜೋಗದಲ್ಲೂ ಹಾಗೇ ಆಗುತ್ತಿತ್ತು. ಬರೀ ಬಿಳಿ ಮಂಜು, ಅದರೊಳಗಿಂದ ಸದ್ದು. ಅಪ್ಪ ಆಗಲೇ ಗಾಡಿ ಸ್ಟಾರ್ಟ್ ಮಾಡಿದ್ದರು. ಅಜ್ಜಿ ಮಾತ್ರ ಕಂಬಿ ಹಿಡಿದು ಕದಲಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಒಂದು ಗಾಳಿ ಬೀಸಿತು. ರಾಜಾ, ರಾಣಿ, ರೋರರ್, ರಾಕೆಟ್, ನಾಲ್ಕೂ ಒಟ್ಟಿಗೆ! 253 ಮೀಟರ್ ಅಂತ ಪಾಠದಲ್ಲಿ ಓದಿದ್ದು ಅವತ್ತು ಅರ್ಥವಾಯಿತು. ಎರಡೇ ನಿಮಿಷ, ಮತ್ತೆ ಮುಚ್ಚಿಕೊಂಡಿತು. ನೀವೂ ಕಾಯಿರಿ. ಗಾಡಿಯಲ್ಲೇ ಒಲೆ ಇದೆ, ಟೀ ಕಾಸಿಕೊಳ್ಳಬಹುದು ಅಲ್ವಾ?

ಇನ್ನೊಂದು, ಸಾಗರದಿಂದ ಸಿಗಂದೂರಿಗೆ ಹೋಗುವ ದಾರಿಯ ಹೊಳೆಬಾಗಿಲು. ಗಾಡಿಯನ್ನು ದಡದಲ್ಲಿ ಬಿಟ್ಟು ಲಾಂಚ್ ಹತ್ತಿದೆವು. ಅಜ್ಜಿಯ ತವರು ಆ ಹಿನ್ನೀರಿನಡಿ ಹೋಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಕಣಿವೆಯ ಎಷ್ಟೋ ಮನೆ, ಗದ್ದೆ, ತೋಟ ಮುಳುಗಿದವು. ನೀರು ತುಂಬಿ ನಿಂತಿತ್ತು, ಒಂದು ಗುರುತೂ ಇರಲಿಲ್ಲ. ಆದರೂ ಅಜ್ಜಿ ಕೈ ತೋರಿಸಿದಳು. "ಅಗೋ, ಅಲ್ಲಿ ನಮ್ಮ ಹಿತ್ತಲ ಹಲಸಿನ ಮರ. ಈಚೆ ಬಾವಿ." ಲಾಂಚ್ ತಿರುಗಿದ ಹಾಗೆ ಅವಳ ಕೈಯೂ ತಿರುಗುತ್ತಿತ್ತು, ಆ ಜಾಗ ತಪ್ಪಲಿಲ್ಲ. ನಾನು ಅವಳ ಸೆರಗು ಹಿಡಿದು ನೀರನ್ನೇ ನೋಡುತ್ತಿದ್ದೆ.

2025ರ ಜುಲೈಯಲ್ಲಿ ಅಲ್ಲಿ ಸೇತುವೆ ಆಯಿತು. ಆಚೆ ದಡದವರ ಬಹಳ ವರ್ಷಗಳ ಕಷ್ಟ ತೀರಿತು, ಖುಷಿಯ ವಿಷಯ. ಈಗ ಗಾಡಿ ನಿಮಿಷಗಳಲ್ಲಿ ದಾಟಿಬಿಡುತ್ತದೆ. ನೀವು ಸೇತುವೆಗೆ ಮುಂಚೆಯೇ ನಿಲ್ಲಿಸಿ, ಇಳಿದು, ಸ್ವಲ್ಪ ಹೊತ್ತು ದಡದಲ್ಲಿ ಕೂತು ಹೋಗಿ. ಕಾಲಿಗೆ ಉಂಬಳ (ಜಿಗಣೆ) ಹತ್ತಿದೆಯಾ ನೋಡಿಕೊಂಡೇ ಗಾಡಿ ಹತ್ತಿ.